ಕರುಳಿನ ಜೀವಲೋಕವೂ ಯಕೃತ್ತಿನ ಕಾವಲೂ

ನಮ್ಮ ಸೊಲ್ಲಾಪುರ-ಅಕ್ಕಲಕೋಟ ಸೀಮೆಯ ಹಳ್ಳಿಗಳಲ್ಲಿ ಇಂಥದೊಂದು ಪ್ರಸಂಗ ಅಲ್ಲಲ್ಲಿ ಒದಗುವುದುಂಟು. ಯಕೃತ್ತಿನ ರೋಗದಿಂದ ಬಹುಕಾಲ ನರಳಿದ ಮನೆಯ ಹಿರಿಯರು ಒಂದು ದಿನ ಮಂಕಾಗಿ ಕುಳಿತುಬಿಡುತ್ತಾರೆ. ಹಗಲೆಲ್ಲ ತೂಕಡಿಕೆ, ರಾತ್ರಿಯೆಲ್ಲ ಎಚ್ಚರ. ಮುಂದೆ ಚಾಚಿದ ಕೈಗಳು ಹಕ್ಕಿಯ ರೆಕ್ಕೆಯಂತೆ ಅದುರುತ್ತವೆ. ಎದುರಿಗೆ ನಿಂತ ಮಗನ ಹೆಸರು ನೆನಪಾಗುವುದಿಲ್ಲ. ಸಂತೆಯ ದಿನ ಯಾವುದೆಂಬುದು ತಿಳಿಯುವುದಿಲ್ಲ. ನೆರೆಯವರು 'ಗಾಳಿ ಸೋಕಿರಬೇಕು' ಎನ್ನುತ್ತಾರೆ. ಮತ್ತೊಬ್ಬರು ತಾಯಿತದ ಮಾತೆತ್ತುತ್ತಾರೆ. ಕಡೆಗೆ ದವಾಖಾನೆಗೆ ಒಯ್ದಾಗ ವೈದ್ಯರು ಬರೆದುಕೊಡುವ ಮುಖ್ಯ ಔಷಧವಾದರೂ ಯಾವುದು? ಹೊಟ್ಟೆಯನ್ನು ಸಡಿಲಗೊಳಿಸುವ, ಸಕ್ಕರೆಯ ಪಾಕದಂತಿರುವ ಒಂದು ಸಿಹಿ ದ್ರವ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗಲೇಬೇಕೆಂದು ಅವರು ಒತ್ತಿ ಹೇಳುತ್ತಾರೆ.

ಮನೆಯವರಿಗೆ ಇದು ವಿಚಿತ್ರವೆನಿಸುವುದು ಸಹಜ. ಕೆಟ್ಟದ್ದು ಯಕೃತ್ತು, ಮಂಕಾದದ್ದು ಬುದ್ಧಿ, ಔಷಧ ಮಾತ್ರ ಕರುಳಿಗೆ! 'ಇದರಿಂದ ರೋಗಿ ಶಕ್ತಿಗುಂದುತ್ತಾನೆ' ಎಂದು ಬಗೆದು ನಾಲ್ಕು ದಿನಗಳಲ್ಲಿ ಔಷಧವನ್ನು ನಿಲ್ಲಿಸಿಬಿಡುವವರೂ ಉಂಟು. ಹಾಗೆ ನಿಲ್ಲಿಸಿದ ಮೇಲೆ ರೋಗಿ ಮತ್ತೆ ಪ್ರಜ್ಞೆ ತಪ್ಪುವುದೂ ಉಂಟು. ಈ ಚಿಕಿತ್ಸೆಯ ಒಳಗುಟ್ಟನ್ನು ತಿಳಿದುಕೊಂಡರೆ ನಮ್ಮ ಶರೀರದ ಒಂದು ದೊಡ್ಡ ವ್ಯವಸ್ಥೆಯೇ ಕಣ್ಣಿಗೆ ಕಟ್ಟುತ್ತದೆ. ಆದ್ದರಿಂದ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಕೂಡಿ ಓದಲೆಂದು ಈ ವಿಷಯವನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ದಾರಿಯನ್ನು ನೋಡೋಣ. ನಾವು ಉಂಡ ರೊಟ್ಟಿ, ಪಲ್ಯ, ಬೇಳೆಗಳು ಜಠರದಲ್ಲಿ ನುರಿತು, ಸಣ್ಣ ಕರುಳಿನಲ್ಲಿ ಜೀರ್ಣವಾಗಿ, ಅವುಗಳ ಸಾರವು ಕರುಳಿನ ಗೋಡೆಯ ಮೂಲಕ ರಕ್ತವನ್ನು ಸೇರುತ್ತದೆ. ಆದರೆ ಈ ರಕ್ತವು ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಕರುಳಿನ ರಕ್ತವೆಲ್ಲವೂ ಒಂದೇ ದೊಡ್ಡ ರಕ್ತನಾಳದಲ್ಲಿ ಕೂಡಿ ಯಕೃತ್ತಿಗೆ ಬರುತ್ತದೆ. ಈ ನಾಳಕ್ಕೆ ದ್ವಾರಸಿರೆ ಎಂದು ಹೆಸರು. ಯಕೃತ್ತಿಗೆ ಬರುವ ಒಟ್ಟು ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ದಾರಿಯಿಂದಲೇ ಬರುವುದು. ಗಡಿಯ ಮೇಲಿರುವ ನಮ್ಮ ಊರುಗಳವರಿಗೆ ಇದನ್ನು ತಿಳಿಸಿಕೊಡುವುದು ಸುಲಭ. ಎರಡು ರಾಜ್ಯಗಳ ನಡುವೆ ಸರಕಿನ ಗಾಡಿಗಳನ್ನು ತಡೆದು ನೋಡುವ ನಾಕೆ ಇರುವಂತೆ, ಕರುಳಿಗೂ ಉಳಿದ ಶರೀರಕ್ಕೂ ನಡುವೆ ಯಕೃತ್ತು ಒಂದು ನಾಕೆ. ಸುಮಾರು ಒಂದೂವರೆ ಕಿಲೋಗ್ರಾಂ ತೂಕದ ಈ ಅಂಗವು ಬಂದ ಸರಕನ್ನು ಪರೀಕ್ಷಿಸಿ, ಬೇಕಾದುದನ್ನು ಸಂಗ್ರಹಿಸಿ, ವಿಷವನ್ನು ಮುರಿದು, ಆಮೇಲೆಯೇ ರಕ್ತವನ್ನು ಮುಂದಕ್ಕೆ ಬಿಡುತ್ತದೆ.

ಹಾಗಾದರೆ ಕರುಳಿನಿಂದ ಬರುವ ವಿಷ ಯಾವುದು? ಇಲ್ಲಿ ನಾವು ಕರುಳಿನ ನಿವಾಸಿಗಳ ಪರಿಚಯ ಮಾಡಿಕೊಳ್ಳಬೇಕು. ನಮ್ಮ ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳ ಒಂದು ಲೋಕವೇ ಇದೆ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದ ಪ್ರಕಾರ ವಯಸ್ಕ ಮನುಷ್ಯನ ಶರೀರದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಮನುಷ್ಯನ ಸ್ವಂತ ಕೋಶಗಳು ಸುಮಾರು 30 ಲಕ್ಷ ಕೋಟಿ. ಹತ್ತು ಪಟ್ಟು ಬ್ಯಾಕ್ಟೀರಿಯಾಗಳಿವೆ ಎಂದು ಹಿಂದೆ ಹೇಳುತ್ತಿದ್ದುದು ಅತಿಶಯವೆಂದು ಈ ಲೆಕ್ಕದಿಂದ ತಿಳಿಯಿತು. ಆದರೂ ಸಂಖ್ಯೆಯಲ್ಲಿ ಅವು ನಮಗೆ ಸಾಟಿಯಾಗಿವೆ. ಅವುಗಳಲ್ಲಿ ಬಹುತೇಕ ಎಲ್ಲವೂ ದೊಡ್ಡ ಕರುಳಿನ ವಾಸಿಗಳೇ. ಎಲ್ಲವನ್ನೂ ಕೂಡಿಸಿ ತೂಗಿದರೂ 200 ಗ್ರಾಂ ಮಾತ್ರ.

ಬ್ಯಾಕ್ಟೀರಿಯಾ ಎಂದೊಡನೆ ರೋಗವೆಂದು ಹೆದರುವ ಕಾರಣವಿಲ್ಲ. ಇವುಗಳಲ್ಲಿ ಬಹುಪಾಲು ನಮ್ಮೊಡನೆ ಹೊಂದಿಕೊಂಡು ಬಾಳುವ ನೆರೆಹೊರೆಯವು. ಜೋಳದ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ನಾರು ಇವನ್ನು ಜೀರ್ಣಿಸುವ ಶಕ್ತಿ ಮನುಷ್ಯನಿಗಿಲ್ಲ. ದೊಡ್ಡ ಕರುಳನ್ನು ತಲುಪಿದ ಆ ನಾರನ್ನು ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರಿಕ್ ಮೊದಲಾದ ಆಮ್ಲಗಳನ್ನು ಮಾಡಿಕೊಡುತ್ತವೆ. ಆ ಆಮ್ಲವೇ ದೊಡ್ಡ ಕರುಳಿನ ಒಳಗೋಡೆಯ ಕೋಶಗಳ ಮುಖ್ಯ ಆಹಾರ. ಅಂದರೆ ನಮ್ಮ ಉಚ್ಛಿಷ್ಟವನ್ನುಂಡು ನಮ್ಮ ಮನೆಯ ಗೋಡೆಯನ್ನೇ ಗಟ್ಟಿಮಾಡುವ ಬಾಡಿಗೆದಾರರು ಇವು.

ಈ ಲೋಕವು ಮಗು ಹುಟ್ಟಿದಂದಿನಿಂದ ಬೆಳೆಯತೊಡಗುತ್ತದೆ. ತಾಯಿಯ ಹಾಲಿನಲ್ಲಿ ಮಗುವಿಗೆ ಜೀರ್ಣವಾಗದ ಕೆಲವು ಸಕ್ಕರೆಗಳಿವೆ. ಮಗುವಿಗೆ ಬೇಡದ ಆಹಾರವನ್ನು ತಾಯಿಯ ಶರೀರವು ಏಕೆ ಸಿದ್ಧಪಡಿಸಬೇಕು? ಅವು ಮಗುವಿನ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳಿಗಾಗಿ ಇರಿಸಿದ ಬುತ್ತಿ. ಪುಣೆಯ ಸಂಶೋಧಕರಾದ ನಚಿಕೇತ ಮರಾಠೆ, ಯೋಗೇಶ ಶೌಚೆ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ನಮ್ಮವರ ಮನೆಗಳಿಗೆ ಹತ್ತಿರವಾದುದು. ಒಂದೇ ಸೂರಿನಡಿ ಮೂರು ತಲೆಮಾರಿನವರು ಬಾಳುತ್ತಿದ್ದ ಎರಡು ಅವಿಭಕ್ತ ಕುಟುಂಬಗಳನ್ನು ಅವರು ಆರಿಸಿಕೊಂಡರು. ಒಂದೇ ಒಲೆಯ ಅಡಿಗೆಯನ್ನು ಉಂಡರೂ ಮಕ್ಕಳ, ನಡುವಯಸ್ಕರ, ಅಜ್ಜಂದಿರ ಕರುಳಿನ ಬ್ಯಾಕ್ಟೀರಿಯಾಗಳ ಪ್ರಮಾಣ ಬೇರೆಬೇರೆಯಾಗಿತ್ತು. ವಯಸ್ಸಿನೊಡನೆ ಈ ಲೋಕವೂ ಬದಲಾಗುತ್ತದೆಂದು ಅವರು ಕಂಡರು. ಭಾರತೀಯರ ಕರುಳಿನಿಂದ ಪುಣೆಯ ವಿಜ್ಞಾನಿಗಳು ಬೇರ್ಪಡಿಸಿದ ಒಂದು ಹೊಸ ಬ್ಯಾಕ್ಟೀರಿಯಾಕ್ಕೆ 2014ರಲ್ಲಿ 'ಮೆಗಾಸ್ಫೇರಾ ಇಂಡಿಕಾ' ಎಂದು ನಮ್ಮ ದೇಶದ ಹೆಸರನ್ನೇ ಇಡಲಾಯಿತು.

ಈಗ ಮೊದಲಿನ ಒಗಟಿಗೆ ಮರಳೋಣ. ಕರುಳಿನ ಬ್ಯಾಕ್ಟೀರಿಯಾಗಳು ಸಸಾರಜನಕವನ್ನು, ಎಂದರೆ ಬೇಳೆ, ಹಾಲು, ಮಾಂಸಗಳಲ್ಲಿರುವ ಪ್ರೋಟೀನನ್ನು ಒಡೆಯುವಾಗ ಅಮೋನಿಯಾ ಎಂಬ ವಸ್ತು ಹುಟ್ಟುತ್ತದೆ. ದನದ ಕೊಟ್ಟಿಗೆಯನ್ನು ಒಂದು ದಿನ ಬಳಿಯದೆ ಬಿಟ್ಟರೆ ಮೂಗಿಗೆ ಅಡರುವ ಘಾಟು ಇದರದೇ. ಅಲ್ಲಿಯೂ ಗಂಜಳದಲ್ಲಿರುವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವವು ಬ್ಯಾಕ್ಟೀರಿಯಾಗಳೇ. ಅಮೋನಿಯಾ ಮಿದುಳಿಗೆ ವಿಷ. ಆದರೆ ನಿರೋಗಿಯಲ್ಲಿ ಅದು ಮಿದುಳಿನತನಕ ಹೋಗುವುದೇ ಇಲ್ಲ. ದ್ವಾರಸಿರೆಯಿಂದ ಬಂದ ಅಮೋನಿಯಾವನ್ನು ಯಕೃತ್ತು ಹಿಡಿದು ನಿರಪಾಯವಾದ ಯೂರಿಯಾ ಆಗಿ ಮಾರ್ಪಡಿಸುತ್ತದೆ. ಅದು ಮೂತ್ರದಲ್ಲಿ ಹೊರಬೀಳುತ್ತದೆ. ನಮ್ಮ ರೈತರು ಹೊಲಕ್ಕೆ ಚೀಲಗಟ್ಟಲೆ ತಂದು ಹಾಕುವ ಯೂರಿಯಾ ಗೊಬ್ಬರವೂ ಯಕೃತ್ತು ದಿನನಿತ್ಯ ತಯಾರಿಸುವ ಯೂರಿಯಾವೂ ಒಂದೇ ವಸ್ತು ಎಂಬುದು ಸ್ವಾರಸ್ಯದ ಸಂಗತಿ.

ಯಕೃತ್ತು ಗಡುಸಾಗಿ ಗಂಟುಗಂಟಾದಾಗ ಎರಡು ಅನರ್ಥಗಳು ಒದಗುತ್ತವೆ. ಒಂದು, ವಿಷ ಮುರಿಯುವ ಕೋಶಗಳೇ ಕಡಿಮೆಯಾಗುತ್ತವೆ. ಎರಡು, ಗಡುಸಾದ ಅಂಗದೊಳಗೆ ನುಗ್ಗಲಾರದ ರಕ್ತವು ಪಕ್ಕದ ಕಾಲುದಾರಿಗಳನ್ನು ಹಿಡಿದು, ನಾಕೆಯನ್ನು ತಪ್ಪಿಸಿ ಸಾಗುತ್ತದೆ. ರಷ್ಯದ ನಿಕೊಲಾಯ್ ಎಕ್ ಎಂಬ ವೈದ್ಯನು 1877ರಲ್ಲಿ ನಾಯಿಗಳ ದ್ವಾರಸಿರೆಯನ್ನು ಯಕೃತ್ತಿಗೆ ಹೋಗದಂತೆ ತಿರುಗಿಸಿ ಹೃದಯದ ಕಡೆಗೆ ಹೋಗುವ ದೊಡ್ಡ ಸಿರೆಗೆ ಕೂಡಿಸುವ ಶಸ್ತ್ರಕ್ರಿಯೆಯನ್ನು ಕಂಡುಹಿಡಿದನು. ಹೆಸರಾಂತ ಪಾವ್ಲೋವ್ ಮತ್ತು ಅವನ ಸಂಗಡಿಗರು 1893ರಲ್ಲಿ ಇಂಥ ನಾಯಿಗಳಿಗೆ ಮಾಂಸವನ್ನು ತಿನ್ನಿಸಿದಾಗ ಅವು ತೂರಾಡಿದವು, ಕಣ್ಣು ಕಾಣದೆ ತಡವರಿಸಿದವು, ಕೊನೆಗೆ ಪ್ರಜ್ಞೆ ತಪ್ಪಿ ಬಿದ್ದವು. ನಾಕೆ ತಪ್ಪಿಸಿ ಹೋದ ಸರಕಿನ ಪರಿಣಾಮ ಅದು. ನಮ್ಮ ಹಿರಿಯರಿಗೆ 'ಸೋಕಿದ' ಗಾಳಿಯೂ ಇದೇ.

ಇನ್ನು ಆ ಸಿಹಿ ಔಷಧದ ಮಾತು. ಅದರ ಹೆಸರು ಲ್ಯಾಕ್ಟುಲೋಸ್. ಹಾಲಿನ ಸಕ್ಕರೆಯಿಂದ ತಯಾರಾದ ಈ ವಸ್ತುವನ್ನು ಮನುಷ್ಯನ ಸಣ್ಣ ಕರುಳು ಜೀರ್ಣಿಸಲಾರದು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿಯ ಬ್ಯಾಕ್ಟೀರಿಯಾಗಳು ಅದನ್ನುಂಡು ಹುಳಿಯಾಗಿಸುತ್ತವೆ. ಹುಳಿಯಾದ ಕರುಳಿನಲ್ಲಿ ಅಮೋನಿಯಾ ರೂಪಾಂತರ ಹೊಂದಿ ರಕ್ತಕ್ಕೆ ಸೇರಲಾರದೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಮಲದೊಡನೆ ಹೊರಗೆ ಹೋಗುತ್ತದೆ. ಯೋಹಾನೆಸ್ ಬಿರ್ಶರ್ ಮತ್ತು ಅವರ ಸಂಗಡಿಗರು ಈ ಚಿಕಿತ್ಸೆಯನ್ನು 1966ರಲ್ಲಿ ಪ್ರಕಟಿಸಿದರು. ಇಂದಿಗೂ ಮೊದಲು ಕೊಡುವ ಔಷಧ ಅದೇ. ಯಕೃತ್ತನ್ನಾಗಲಿ ಮಿದುಳನ್ನಾಗಲಿ ಮುಟ್ಟದೆ, ಕರುಳಿನ ಬ್ಯಾಕ್ಟೀರಿಯಾಗಳ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಇದು. ಆದಕಾರಣ ಹೊಟ್ಟೆ ಸಡಿಲವಾಯಿತೆಂದು ಮನೆಯವರು ತಾವಾಗಿ ಔಷಧವನ್ನು ನಿಲ್ಲಿಸಬಾರದು. ಭೇದಿ ಹೆಚ್ಚಾದರೆ ವೈದ್ಯರನ್ನು ಕೇಳಿ ಪ್ರಮಾಣವನ್ನು ತಗ್ಗಿಸಬೇಕು. ಅಂಥ ರೋಗಿಗೆ ಬೇಳೆ-ಹಾಲುಗಳನ್ನು ಪೂರ್ತಿ ಬಿಡಿಸುವ ಹಳೆಯ ರೂಢಿಯನ್ನೂ ವೈದ್ಯರು ಈಗ ಒಪ್ಪುವುದಿಲ್ಲ. ಶರೀರದ ಮಾಂಸಖಂಡಗಳು ಸಹ ಅಮೋನಿಯಾವನ್ನು ಹೀರಿ ಯಕೃತ್ತಿಗೆ ನೆರವಾಗುತ್ತವೆ. ಉಪವಾಸದಿಂದ ಅವು ಕರಗಿದರೆ ಕೇಡೇ ಹೆಚ್ಚು.

ಅಮೋನಿಯಾದ ಕಥೆ ಇಷ್ಟಾಯಿತು. ಆದರೆ ಯಕೃತ್ತಿನ ನಾಕೆಯು ತಡೆಯಬೇಕಾದದ್ದು ಅದೊಂದನ್ನೇ ಅಲ್ಲ. ಬ್ಯಾಕ್ಟೀರಿಯಾಗಳು ತಾವೇ ದಾರಿ ಮೀರಿ ಬಂದರೆ ಅವನ್ನೂ ತಡೆಯಬೇಕು. ಇಲ್ಲಿ ರೋಗನಿರೋಧಕ ಶಕ್ತಿಯ ಪ್ರಶ್ನೆ ಬರುತ್ತದೆ. ರಷ್ಯದ ಇಲ್ಯಾ ಮೆಚ್ನಿಕೋವ್ 1882ರಲ್ಲಿ ಇಟಲಿಯ ಮೆಸ್ಸಿನಾ ಎಂಬಲ್ಲಿ ನಕ್ಷತ್ರಮೀನಿನ ಮರಿಗಳ ಶರೀರದಲ್ಲಿ ಗುಲಾಬಿಯ ಮುಳ್ಳುಗಳನ್ನು ಚುಚ್ಚಿ ನೋಡಿದನು. ಮರುದಿನ ಮುಳ್ಳಿನ ಸುತ್ತ ಚಲಿಸುವ ಕೋಶಗಳು ಮುತ್ತಿಗೆ ಹಾಕಿದ್ದವು. ಹೊರಗಿನಿಂದ ಬಂದ ವೈರಿಯನ್ನು ನುಂಗುವ ಕೋಶಗಳು ಶರೀರದಲ್ಲಿವೆಯೆಂಬ ತತ್ತ್ವ ಹೀಗೆ ಹೊರಪಟ್ಟಿತು. 1908ರಲ್ಲಿ ಅವನಿಗೆ ಪಾಲ್ ಎರ್ಲಿಕ್‌ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಕರುಳಿನ ಕೆಟ್ಟ ಬ್ಯಾಕ್ಟೀರಿಯಾಗಳಿಂದ ಮುಪ್ಪು ಬೇಗ ಬರುವುದೆಂದೂ ಮೊಸರಿನಿಂದ ಅದನ್ನು ತಡೆಯಬಹುದೆಂದೂ ಸಾರಿದವನೂ ಅವನೇ. ಆ ಮಾತಿಗೆ ಅಂದು ಸಾಕಷ್ಟು ಆಧಾರವಿರಲಿಲ್ಲ. ಆದರೆ ಕರುಳಿಗೂ ರೋಗನಿರೋಧಕ್ಕೂ ನಂಟಿದೆಯೆಂಬ ಅವನ ಊಹೆ ಸುಳ್ಳಾಗಲಿಲ್ಲ.

ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಪ್ರಯೋಗಶಾಲೆಯಲ್ಲಿ ಬೆಳೆಸಿದ ಇಲಿಗಳಲ್ಲಿ ಕರುಳಿನ ರಕ್ಷಣಾ ಗ್ರಂಥಿಗಳು ಸರಿಯಾಗಿ ಬೆಳೆಯುವುದೇ ಇಲ್ಲ. ಜಟ್ಟಿಗೆ ತಾಲೀಮು ಬೇಕಾಗುವಂತೆ ನಮ್ಮ ರಕ್ಷಕ ಕೋಶಗಳಿಗೂ ಬ್ಯಾಕ್ಟೀರಿಯಾಗಳ ಸಹವಾಸದ ತಾಲೀಮು ಬೇಕು. ಈ ರಕ್ಷಣೆಯಲ್ಲಿ ಮೂರು ಕೋಟೆಗಳಿವೆ. ಮೊದಲನೆಯದು ಕರುಳಿನ ಒಳಗೆ ಹರಡಿದ ಲೋಳೆಯ ಪದರ. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ದೂರ ಇಡುವ ಪ್ರತಿವಸ್ತುಗಳು ಬೆರೆತಿರುತ್ತವೆ. ಎರಡನೆಯದು ಒತ್ತೊತ್ತಾಗಿ ಹೆಣೆದುಕೊಂಡ ಕೋಶಗಳ ಗೋಡೆ. ಅದು ಒಂದೇ ಒಂದು ಕೋಶದಷ್ಟು ದಪ್ಪ. ಮೂರನೆಯದು ಯಕೃತ್ತಿನಲ್ಲಿ ರಕ್ತದ ದಾರಿಯುದ್ದಕ್ಕೂ ಕುಳಿತ ಭಕ್ಷಕ ಕೋಶಗಳು. ಜರ್ಮನಿಯ ಕಾರ್ಲ್ ಕುಪ್ಫರ್ 1876ರಲ್ಲಿ ವರ್ಣಿಸಿದ್ದರಿಂದ ಅವನ ಹೆಸರಿನಿಂದಲೇ ಅವು ಪ್ರಸಿದ್ಧವಾಗಿವೆ. ಗೋಡೆ ದಾಟಿ ಬಂದ ಬ್ಯಾಕ್ಟೀರಿಯಾದ ಚೂರುಗಳನ್ನು ಅವು ಗದ್ದಲವಿಲ್ಲದೆ ನುಂಗಿಬಿಡುತ್ತವೆ.

ಮದ್ಯಪಾನವು ಈ ಕೋಟೆಗಳನ್ನು ಒಂದೊಂದಾಗಿ ಕೆಡವುತ್ತದೆ. ಅದು ಯಕೃತ್ತಿನ ಕೋಶಗಳನ್ನು ನೇರವಾಗಿ ಸುಡುವುದಲ್ಲದೆ, ಕರುಳಿನ ಗೋಡೆಯ ಬೆಸುಗೆಯನ್ನು ಸಡಿಲಿಸುತ್ತದೆ; ಬ್ಯಾಕ್ಟೀರಿಯಾಗಳ ಸಮತೋಲವನ್ನು ಕೆಡಿಸುತ್ತದೆ. ಆಗ ಚೂರುಗಳ ಪ್ರವಾಹವೇ ಯಕೃತ್ತಿಗೆ ನುಗ್ಗುತ್ತದೆ. ಕಾವಲುಗಾರರು ಬಿಡುವಿಲ್ಲದೆ ಕಾದಾಡುತ್ತಾರೆ. ಹೊಲಕ್ಕೆ ನುಗ್ಗಿದ ಹಂದಿಯನ್ನು ಓಡಿಸಲು ಹೋಗಿ ಬೆಳೆಯನ್ನೇ ತುಳಿದಂತೆ, ಆ ಕಾದಾಟದ ಉರಿಯಲ್ಲಿ ಯಕೃತ್ತು ತಾನೇ ಗಾಯಗೊಳ್ಳುತ್ತದೆ. ಗಾಯ ಮಾಯ್ದಲ್ಲಿ ಕಲೆ ನಿಲ್ಲುತ್ತದೆ. ಕಲೆ ಕೂಡಿ ಯಕೃತ್ತು ಗಡುಸಾಗುತ್ತದೆ.

ಈ ತಿಳಿವಳಿಕೆಯು ಇತ್ತೀಚಿನ ಸಂಶೋಧನೆಗಳಿಂದ ಇನ್ನೂ ಖಚಿತವಾಗಿದೆ. ಅಮೇರಿಕೆಯ ಬೆರ್ನ್ಡ್ ಶ್ನಾಬ್ಲ್ ಮತ್ತು ಸಂಗಡಿಗರು 2019ರಲ್ಲಿ ಮದ್ಯಜನ್ಯವಾದ ಯಕೃತ್ತಿನ ತೀವ್ರ ಉರಿಯೂತದ ರೋಗಿಗಳನ್ನು ಪರೀಕ್ಷಿಸಿದರು. ಎಂಟೆರೊಕಾಕಸ್ ಎಂಬ ಬ್ಯಾಕ್ಟೀರಿಯಾದ ಒಂದು ಪಂಗಡವು ಕೋಶಗಳನ್ನು ಕೊಲ್ಲುವ ವಿಷವೊಂದನ್ನು ಸ್ರವಿಸುತ್ತದೆ. ಆ ಪಂಗಡವು ಕರುಳಿನಲ್ಲಿದ್ದ ರೋಗಿಗಳಲ್ಲಿ 100ಕ್ಕೆ 89 ಮಂದಿ 180 ದಿನಗಳೊಳಗೆ ತೀರಿಕೊಂಡರು. ಇಲ್ಲದವರಲ್ಲಿ ತೀರಿಕೊಂಡವರು 100ಕ್ಕೆ 4ರಷ್ಟು ಮಾತ್ರ. ಒಂದೇ ವ್ಯಸನ, ಒಂದೇ ರೋಗ. ಕರುಳಿನ ನೆರೆಹೊರೆ ಮಾತ್ರ ಬೇರೆ.

ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಪ್ರಯತ್ನ ನಡೆದಿದೆ. ದಿಲ್ಲಿಯ ಯಕೃತ್ತು ಮತ್ತು ಪಿತ್ತವಿಜ್ಞಾನ ಸಂಸ್ಥೆಯಲ್ಲಿ ಸಿರಿಯಕ್ ಫಿಲಿಪ್ಸ್, ಶಿವ ಸರೀನ್ ಮೊದಲಾದ ವೈದ್ಯರು ಬೇರೆ ಔಷಧ ಕೊಡಲಾಗದಂಥ 8 ಮಂದಿ ರೋಗಿಗಳಿಗೆ ನಿರೋಗಿಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಶುದ್ಧೀಕರಿಸಿದ ಮಲದ ದ್ರಾವಣದ ಮೂಲಕ ನಳಿಕೆಯಿಂದ ಸೇರಿಸಿದರು. 2017ರಲ್ಲಿ ಪ್ರಕಟವಾದ ಅವರ ವರದಿಯಂತೆ ಒಂದು ವರ್ಷದ ತರುವಾಯ ಅವರಲ್ಲಿ 7 ಮಂದಿ ಬದುಕಿದ್ದರು. ಹಿಂದೆ ಇಂಥದೇ ಸ್ಥಿತಿಯಲ್ಲಿದ್ದು ಈ ಚಿಕಿತ್ಸೆ ದೊರೆಯದ ರೋಗಿಗಳಲ್ಲಿ ಬದುಕಿದವರು ಮೂರರಲ್ಲಿ ಒಂದು ಪಾಲು. ಓದಿ ಮೂಗು ಮುರಿಯುವವರು ಸೆಗಣಿಯಿಂದ ನೆಲ ಸಾರಿಸುವ ನಮ್ಮ ರೂಢಿಯನ್ನು ನೆನೆಯಲಿ! ಆದರೂ 8 ಮಂದಿಯ ಲೆಕ್ಕದಿಂದ ಜಗತ್ತಿಗೆ ನಿಯಮ ಮಾಡಲಾಗದು. ಅಮೇರಿಕೆಯಲ್ಲಿ 2019ರಲ್ಲಿ ಇಂಥ ಚಿಕಿತ್ಸೆಯ ಮೂಲಕ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ದಾಟಿಬಂದು ರೋಗಿಯೊಬ್ಬನು ಅಸುನೀಗಿದನು. ಇದು ಕೇವಲ ತಜ್ಞರು ಪರೀಕ್ಷೆಗಳನ್ನು ನಡೆಸಿ ಕೈಗೊಳ್ಳತಕ್ಕ ಕಾರ್ಯ.

'ನಾವು ಮದ್ಯ ಮುಟ್ಟುವವರಲ್ಲ, ನಮಗೇಕೆ ಈ ಚಿಂತೆ?' ಎನ್ನುವವರೂ ಇರಬಹುದು. ಚೀನದಲ್ಲಿ ಒಬ್ಬ ಮನುಷ್ಯನು ಕುಡಿಯದೆಯೇ, ಪಿಷ್ಟ ಮತ್ತು ಸಕ್ಕರೆ ಹೆಚ್ಚಾಗಿರುವ ಊಟ ಮಾಡಿದಾಗಲೆಲ್ಲ ಅಮಲೇರಿ ಬೀಳುತ್ತಿದ್ದನು. ಅವನ ಯಕೃತ್ತಿನಲ್ಲಿ ಕೊಬ್ಬು ತುಂಬಿತ್ತು. ಅವನ ಕರುಳಿನ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾವೇ ಸಕ್ಕರೆಯನ್ನು ಮದ್ಯವಾಗಿ ಮಾಡುತ್ತಿತ್ತೆಂದು 2019ರಲ್ಲಿ ಪ್ರಕಟವಾಯಿತು. ಇಂಥ ಅಮಲು ಅತಿ ವಿರಳ. ಆದರೆ ಯಕೃತ್ತಿನಲ್ಲಿ ಕೊಬ್ಬು ಸೇರುವುದು ವಿರಳವಲ್ಲ. ಕುಡಿಯದವರಲ್ಲಿಯೂ, ಸ್ಥೂಲದೇಹಿಗಳಲ್ಲಿಯೂ, ಸಕ್ಕರೆ ಕಾಯಿಲೆಯವರಲ್ಲಿಯೂ ಅದು ಈಗ ಸಾಮಾನ್ಯವಾಗಿದೆ. ಯಕೃತ್ತು ಬಹುಕಾಲ ನೋವನ್ನೇ ತೋರದು. ಅದು ದೂರು ಹೇಳುವ ಹೊತ್ತಿಗೆ ಹಾನಿ ಬಹಳವಾಗಿರುತ್ತದೆ.

ಎಳೆಯ ಮಕ್ಕಳ ರಕ್ಷಣೆಯ ವಿಷಯದಲ್ಲಿ ಒಡಿಶಾದ ಹಳ್ಳಿಗಳಿಂದ ಒಂದು ಒಳ್ಳೆಯ ವಾರ್ತೆ ಬಂದಿದೆ. ಡಾ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು 4,556 ನವಜಾತ ಶಿಶುಗಳನ್ನು ಪ್ರಯೋಗಕ್ಕೆ ತೆಗೆದುಕೊಂಡು, ಅರ್ಧ ಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ಜಾತಿಯ ಆರಿಸಿದ ಒಂದು ಬ್ಯಾಕ್ಟೀರಿಯಾವನ್ನೂ ಅದಕ್ಕೆ ಆಹಾರವಾದ ಸಕ್ಕರೆಯನ್ನೂ 7 ದಿನ ಕೊಟ್ಟರು. ರಕ್ತ ನಂಜಾಗುವುದು ಅಥವಾ ಸಾವು ಸಂಭವಿಸಿದ ಪ್ರಮಾಣ ಉಳಿದ ಮಕ್ಕಳಲ್ಲಿ 100ಕ್ಕೆ 9 ಇದ್ದರೆ, ಇವರಲ್ಲಿ 5.4ಕ್ಕೆ ಇಳಿಯಿತು. ಫಲಿತಾಂಶವು 2017ರಲ್ಲಿ ಪ್ರಕಟವಾಯಿತು. ಆ ಮಕ್ಕಳೆಲ್ಲ ತಾಯಿಯ ಹಾಲನ್ನುಂಡವರು ಎಂಬುದನ್ನು ಮರೆಯಬಾರದು. ಅಂಗಡಿಯಲ್ಲಿ ಮಾರುವ ಪ್ರತಿಯೊಂದು ಪುಡಿ-ಗುಳಿಗೆಗೂ ಇದೇ ಗುಣವಿದೆಯೆಂದು ತಿಳಿಯುವುದೂ ತಪ್ಪು.

ಹಾಗಾದರೆ ನಾವು ಮಾಡಬೇಕಾದುದೇನು? ಯಕೃತ್ತಿನ ರೋಗಗಳಿಗೆಲ್ಲ ಕರುಳಿನ ಬ್ಯಾಕ್ಟೀರಿಯಾಗಳೇ ಮೂಲವಲ್ಲ. ಕಾಮಣಿಯನ್ನು ತರುವ ಸೋಂಕುಗಳಲ್ಲಿ ಕೆಲವು ಕೊಳೆನೀರಿನಿಂದಲೂ ಕೆಲವು ರಕ್ತದಿಂದಲೂ ಹರಡುವ ವೈರಸುಗಳಿಂದ ಬರುತ್ತವೆ. ಆದ್ದರಿಂದ ಕುಡಿಯುವ ನೀರು ಶುದ್ಧವಾಗಿರಬೇಕು. ಹುಟ್ಟಿದ 24 ತಾಸುಗಳೊಳಗೆ ಮಗುವಿಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸಬೇಕು. ಕಣ್ಣು ಹಳದಿಯಾದರೆ ಗಿಡಮೂಲಿಕೆಯಲ್ಲಿ ದಿನ ಕಳೆಯದೆ ರಕ್ತಪರೀಕ್ಷೆ ಮಾಡಿಸಬೇಕು. ನೆಗಡಿ-ಜ್ವರ ಬಂದೊಡನೆ ಅಂಗಡಿಯಿಂದ ಪ್ರತಿಜೈವಿಕ ಗುಳಿಗೆಗಳನ್ನು ತಾವೇ ಕೊಂಡು ನುಂಗುವುದು ವೈರಿಯೊಡನೆ ನೆರೆಹೊರೆಯನ್ನೂ ಸುಟ್ಟಂತೆ. ವೈದ್ಯರು ಹೇಳಿದರೆ ಮಾತ್ರ, ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಮದ್ಯದ ವಿಷಯದಲ್ಲಿ ಹೇಳಬೇಕಾದುದನ್ನು ಮೇಲೆ ಹೇಳಿಯಾಗಿದೆ.

ಆಹಾರದಲ್ಲಂತೂ ನಮ್ಮ ಸೀಮೆಯು ಬಡದಲ್ಲ. ಹಿಂಗಾರಿಯ ಮಾಲದಂಡಿ ಜೋಳದ ರೊಟ್ಟಿ, ಮಡಕೆ-ಹೆಸರುಗಳ ಕಾಳುಪಲ್ಯ, ಪುಂಡಿ, ಮೆಂತ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ ಇವು ನಾರಿನ ಭಂಡಾರವೂ ಕರುಳಿಗೆ ಹಿತವೂ ಆದವು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಬಗೆಬಗೆಯ ಕಾಳು-ಸೊಪ್ಪುಗಳ ಭಜ್ಜಿಯನ್ನೂ ಅಂಬಲಿಯನ್ನೂ ಉಣ್ಣುವಾಗ ನಾವು ನಮ್ಮೊಳಗಿನ ಜೀವಲೋಕಕ್ಕೂ ಹಬ್ಬ ಮಾಡುತ್ತಿರುತ್ತೇವೆ. ಆ ಊಟವನ್ನು ವರ್ಷಕ್ಕೊಂದು ದಿನಕ್ಕೆ ಇಟ್ಟು, ಉಳಿದ ದಿನ ಮಕ್ಕಳ ಕೈಗೆ ಕರಿದ ಪೊಟ್ಟಣಗಳನ್ನೂ ಸಕ್ಕರೆಯ ಪಾನೀಯಗಳನ್ನೂ ಕೊಡುವುದು ಜಾಣತನವಲ್ಲ.

'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳಿದರು. ಉಣ್ಣುವವರು ನಾವು ಮಾತ್ರವಲ್ಲ, ನಮ್ಮೊಡನೆ ಪಂಕ್ತಿಯಲ್ಲಿ ಕುಳಿತವರು ಲಕ್ಷಕೋಟಿ ಇದ್ದಾರೆಂಬುದನ್ನು ಇಂದಿನ ವಿಜ್ಞಾನವು ಆ ಮಾತಿಗೆ ಕೂಡಿಸಿದೆ. ಇದನ್ನು ಓದಿದ ಬಾಲಕ-ಬಾಲಿಕೆಯರಲ್ಲಿ ಒಬ್ಬರಾದರೂ, ಮಂಕಾದ ಅಜ್ಜನ ಬಳಿ ತಾಯಿತ ತಂದವರಿಗೆ ವಿನಯದಿಂದ 'ಇದು ಗಾಳಿಯಲ್ಲ, ಯಕೃತ್ತಿನ ದೋಷ. ಮೊದಲು ದವಾಖಾನೆಗೆ ಹೋಗೋಣ' ಎಂದು ಹೇಳಿದರೆ, ವೈದ್ಯರು ಕೊಟ್ಟ ಆ ಸಿಹಿ ಔಷಧವನ್ನು ಹೊತ್ತುಹೊತ್ತಿಗೆ ಕುಡಿಸಿದರೆ, ಈ ಲೇಖನದ ಶ್ರಮ ಸಾರ್ಥಕವಾಯಿತೆಂದು ನಾವು ಭಾವಿಸುವೆವು.